ಅಭಿಮಾನದ ಹೊಣೆ ಯಾರದು?

ಕನ್ನಡದಲ್ಲಿ 'ಅಭಿಮಾನ' ಎಂಬ ಶಬ್ದಕ್ಕೆ ಎರಡು ಮುಖಗಳಿವೆ. ಇನ್ನೊಬ್ಬರ ಮೇಲಿನ ಪ್ರೀತಿಗೂ ಅದೇ ಶಬ್ದ, ನಮ್ಮ ಮೇಲೆ ನಮಗಿರುವ ಹೆಮ್ಮೆಗೂ ಅದೇ ಶಬ್ದ. ನಟನೊಬ್ಬನನ್ನು ಮೆಚ್ಚುವವನು ಅಭಿಮಾನಿ. ಒಂದು ಮಾತು ತಾಗಿತೆಂದು ಉಣ್ಣುವ ತಟ್ಟೆಯ ಮುಂದಿನಿಂದ ಎದ್ದುಹೋಗುವವನೂ ಅಭಿಮಾನಿಯೇ. ಉರ್ದುವಿನಲ್ಲಿ ಇವೆರಡನ್ನು ಬೇರ್ಪಡಿಸಿ ಹೇಳುವ ಅನುಕೂಲವಿದೆ. ಭಕ್ತಿ ಬೆರೆತ ಪ್ರೀತಿಗೆ 'ಅಕೀದತ್' ಎನ್ನುತ್ತಾರೆ. ತನ್ನವರದು ಎಂಬ ಒಂದೇ ಕಾರಣಕ್ಕೆ ಸರಿ ತಪ್ಪು ನೋಡದೆ ಹಟ ಹಿಡಿಯುವುದಕ್ಕೆ 'ತಅಸ್ಸುಬ್' ಎನ್ನುತ್ತಾರೆ. ಈ ಎರಡನೆಯ ಶಬ್ದದ ಮೂಲದಲ್ಲಿರುವುದು ಕಟ್ಟುವ, ಬಿಗಿಯುವ ಅರ್ಥ. ಆದರೆ ನಿಘಂಟಿನಲ್ಲಿ ಬೇರೆಯಾಗಿರುವ ಈ ಎರಡು ಭಾವಗಳು ಬದುಕಿನಲ್ಲಿ ಅಷ್ಟು ಸುಲಭವಾಗಿ ಬೇರೆಯಾಗುವುದಿಲ್ಲ. ಪ್ರೀತಿ ಎಲ್ಲಿಗೆ ಮುಗಿಯಿತು, ಬಿಗಿಯುವ ಹಗ್ಗ ಎಲ್ಲಿಂದ ಶುರುವಾಯಿತು ಎಂಬುದು ಬಿಗಿಸಿಕೊಂಡವನಿಗೆ ಕೊನೆಯಲ್ಲಿ ಗೊತ್ತಾಗುತ್ತದೆ.

ಈ ಮಾತನ್ನು ಈಗ ಎತ್ತಲು ಕಾರಣವಿದೆ. ಚಳ್ಳಕೆರೆಯ ಬಸ್ ನಿಲ್ದಾಣದಲ್ಲಿ ನಿಂತ ಹುಡುಗರ ಕೈಯಲ್ಲಾಗಲಿ, ಮೊಳಕಾಲ್ಮುರಿನ ಮಗ್ಗದ ಮನೆಗಳಲ್ಲಿ ಗುಂಡಿಯ ಪಕ್ಕ ಇಟ್ಟಿರುವ ಫೋನಿನಲ್ಲಾಗಲಿ ಒಂದು ದಿನದ ಸ್ಟೇಟಸ್‌ಗಳನ್ನು ನೋಡಿದರೆ ಸಾಕು. ಬೆಳಿಗ್ಗೆ ನಾಯಕನಟನ ಹುಟ್ಟುಹಬ್ಬದ ಪೋಸ್ಟರು. ಮಧ್ಯಾಹ್ನ ಒಬ್ಬ ಶಾಸಕನನ್ನು ಸಿಂಹದ ಪಕ್ಕ ಕೂರಿಸಿದ ಚಿತ್ರ. ರಾತ್ರಿಯ ಹೊತ್ತಿಗೆ ಯಾವುದೋ ಜಾತಿಯನ್ನೋ ಧರ್ಮವನ್ನೋ ಚುಚ್ಚುವ ಒಂದು ತುಣುಕು. ಮೂರನ್ನೂ ಹಾಕಿದ್ದು ಒಂದೇ ಕೈ. ಕೇಳಿದರೆ, "ನಾನೇನು ಬರೆದಿದ್ದಾ? ಬಂದಿದ್ದನ್ನ ಕಳಿಸಿದೆ ಅಷ್ಟೇ" ಎಂಬ ಉತ್ತರ. ಬಂದದ್ದನ್ನು ಕಳಿಸಿದವನಿಗೆ ಹೊಣೆ ಇದೆಯೇ? ಇದ್ದರೆ ಎಷ್ಟು? ಈ ಪ್ರಶ್ನೆ ಚಿಕ್ಕದಾಗಿ ಕಂಡರೂ ನಮ್ಮ ಮಕ್ಕಳ ಬದುಕು ಈಗ ಅದರ ಮೇಲೆಯೇ ನಿಂತಿದೆ.

ಮೊದಲಿಗೆ ಅಭಿಮಾನದ ಪರವಾಗಿ ಹೇಳಬೇಕಾದ್ದನ್ನು ಹೇಳಿಬಿಡೋಣ. ಓದಿದವರು ಸಿನಿಮಾ ಅಭಿಮಾನವನ್ನು ಕಂಡು ನಗುವುದುಂಟು. ನಾವು ಆ ನಗೆಯಲ್ಲಿ ಪಾಲುದಾರರಲ್ಲ. ಎಣ್ಣೆ ಗಿರಣಿಗಳ ಕಾರಣದಿಂದ ಒಂದು ಕಾಲಕ್ಕೆ 'ಎರಡನೇ ಬಾಂಬೆ' ಎನ್ನಿಸಿಕೊಂಡ ಊರು ಚಳ್ಳಕೆರೆ. ಸುತ್ತಲಿನದು ಮಳೆ ನಂಬಿದ ಶೇಂಗಾದ ಹೊಲ, ಕುರಿ, ಕಂಬಳಿ. ಮಳೆ ಕೈಕೊಟ್ಟ ವರ್ಷ ಹುಡುಗರು ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಹೆಸರಿಲ್ಲದೆ ಗಾರೆ ಕೆಲಸ ಮಾಡುವ ಹುಡುಗನಿಗೆ ತೆರೆಯ ಮೇಲಿನ ನಾಯಕ ಒಂದು ಹೆಸರು ಕೊಡುತ್ತಾನೆ. ಅವನ ಗೆಲುವು ಇವನದಾಗುತ್ತದೆ. ಡಾ. ರಾಜಕುಮಾರ್ ತಮ್ಮನ್ನು ನೋಡಲು ಬಂದವರನ್ನು 'ಅಭಿಮಾನಿ ದೇವರು' ಎಂದು ಕರೆದಾಗ, ಜನ್ಮದಲ್ಲಿ ಯಾರಿಂದಲೂ 'ಬನ್ನಿ' ಅನ್ನಿಸಿಕೊಳ್ಳದ ಸಾವಿರಾರು ಜನ ತಲೆ ಎತ್ತಿ ನಿಂತರು. ಇದು ಸಣ್ಣ ಸಂಗತಿಯಲ್ಲ.

ಅಭಿಮಾನಕ್ಕೆ ಗಡಿಗಳನ್ನು ದಾಟುವ ಗುಣವೂ ಇದೆ. ಆಂಧ್ರದ ರಾಯದುರ್ಗ ಮೊಳಕಾಲ್ಮುರಿಗೆ ಕೂಗಳತೆಯ ದೂರ. ಇಲ್ಲಿನ ಹುಡುಗರು ಕನ್ನಡದ ನಟರಿಗೂ ತೆಲುಗಿನ ನಟರಿಗೂ ಒಟ್ಟಿಗೆ ಸಿಳ್ಳೆ ಹಾಕುತ್ತಾರೆ. ಚಳ್ಳಕೆರೆ ತಾಲ್ಲೂಕಿನ ತಳುಕಿನ ಮನೆತನದವರಾದ ತ.ರಾ.ಸು. ಬರೆದ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲರು 1972ರಲ್ಲಿ 'ನಾಗರಹಾವು' ತೆಗೆದರು. ದುರ್ಗದ ಕೋಟೆಯ ಬಂಡೆಗಳ ಮೇಲೆ ವಿಷ್ಣುವರ್ಧನ್ ರಾಮಾಚಾರಿಯಾಗಿ ನಡೆದರು. ಅದೇ ಚಿತ್ರದಲ್ಲಿ ಹೆಣ್ಣುಮಕ್ಕಳನ್ನು ಕಾಡುವ ಜಲೀಲನ ಪಾತ್ರದಲ್ಲಿ ಅಂಬರೀಷ್ ಮೊದಲ ಬಾರಿಗೆ ತೆರೆಗೆ ಬಂದರು. ಆ ಪುಂಡನಿಗೆ ನಮ್ಮವರ ಹೆಸರಿಟ್ಟದ್ದಕ್ಕೆ ನಮ್ಮ ಓಣಿಗಳಲ್ಲಿ ಸಿಟ್ಟು ಬರಲಿಲ್ಲ. ನಮ್ಮ ಹುಡುಗರೂ ಅವನಿಗೆ ಚಪ್ಪಾಳೆ ಹೊಡೆದರು. ಮುಂದೆ ಆ ಚಪ್ಪಾಳೆಯೇ ಅಂಬರೀಷರನ್ನು ಕೇಂದ್ರ ಸಚಿವರ ಹುದ್ದೆಯವರೆಗೆ ಕರೆದೊಯ್ಯಿತು. ಅವರು ತೀರಿಕೊಂಡ ಮೇಲೆ 2019ರಲ್ಲಿ ಸುಮಲತಾ ಮಂಡ್ಯದಿಂದ ಪಕ್ಷೇತರರಾಗಿ ನಿಂತಾಗ ದರ್ಶನ್ ಮತ್ತು ಯಶ್ ಊರೂರು ತಿರುಗಿ ಪ್ರಚಾರ ಮಾಡಿದರು. ಗಡಿಯಾಚೆ ಎನ್.ಟಿ. ರಾಮರಾವ್ 1982ರಲ್ಲಿ ಪಕ್ಷ ಕಟ್ಟಿ ಮರುವರ್ಷದ ಜನವರಿಯಲ್ಲಿ ಮುಖ್ಯಮಂತ್ರಿಯಾದರು. 2024ರಲ್ಲಿ ಪವನ್ ಕಲ್ಯಾಣ್ ಉಪಮುಖ್ಯಮಂತ್ರಿಯಾದರು. ನಮ್ಮಲ್ಲಿ ಸಿನಿಮಾದ ಅಭಿಮಾನ ಬೇರೆ, ರಾಜಕೀಯದ ಅಭಿಪ್ರಾಯ ಬೇರೆ ಎಂಬ ಗೋಡೆ ಎಂದೂ ಗಟ್ಟಿಯಾಗಿ ಇರಲಿಲ್ಲ. ಫೋನು ಅದನ್ನು ಪೂರ್ತಿ ಕೆಡವಿದೆ, ಅಷ್ಟೇ.

ಹಾಗಾದರೆ ಬದಲಾದದ್ದೇನು? ನಮಗೆ ತೋರುವಂತೆ ಬದಲಾದದ್ದು ಸಮಯ. ಹಿಂದೆ ಅಭಿಮಾನಕ್ಕೆ ಕೆಲಸ ಹಿಡಿಯುತ್ತಿತ್ತು. ಊರಿನ ಬೋರ್ಡು ಬರೆಯುವ ಪೇಂಟರನು ಗೋಡೆಗೆ ಸುಣ್ಣ ಬಳಿದು, ಚೌಕ ಎಳೆದು, ಎರಡು ದಿನ ಏಣಿಯ ಮೇಲೆ ನಿಂತು ನಾಯಕನ ಮುಖ ತರುತ್ತಿದ್ದ. ಅಂಥ ಪೇಂಟರುಗಳಲ್ಲಿ ನಮ್ಮ ಜನರೂ ಬಹಳವಿದ್ದರು. ಗಣಪತಿಯ ಪೆಂಡಾಲಿಗೂ ಉರುಸಿನ ಕಮಾನಿಗೂ ಅದೇ ಕುಂಚ. ಮೂಲೆಯಲ್ಲಿ 'ಆರ್ಟ್ಸ್' ಎಂದು ಸೇರಿಸಿ ತನ್ನ ಹೆಸರನ್ನೂ ಬರೆಯುತ್ತಿದ್ದ. ಆ ಹೆಸರಿನ ಕೆಳಗೆ ಯಾರನ್ನಾದರೂ ಬೈಯುವ ಮಾತು ಬರೆಯಿರಿ ಎಂದರೆ ಅವನು ಬರೆಯುತ್ತಿರಲಿಲ್ಲ. ನಾಳೆ ಅದೇ ಬೀದಿಯಲ್ಲಿ ಅವನು ಕೆಲಸ ಕೇಳಬೇಕಿತ್ತು. ನಮ್ಮ ಸೀಮೆಯ ತೇರುಗಳಲ್ಲಿ ಬಾಳೆಹಣ್ಣಿನ ಮೇಲೆ ಪೆನ್ನಿನಿಂದ ನೆಚ್ಚಿನ ನಟನ ಹೆಸರನ್ನೋ, ಇಂಥವರು ಮುಖ್ಯಮಂತ್ರಿಯಾಗಲಿ ಎಂಬ ಬಯಕೆಯನ್ನೋ ಬರೆದು ರಥದ ಕಳಸದತ್ತ ಎಸೆಯುವುದುಂಟು. ಅದೂ ಒಂದು ಹಂಚಿಕೆಯೇ. ಆದರೆ ಆ ಹಣ್ಣಿನಲ್ಲಿ ಬರೆದದ್ದು ಹರಕೆ. ಇನ್ನೊಬ್ಬರಿಗೆ ಕೇಡಾಗಲೆಂದು ಬರೆದರೆ ದೇವರ ತೇರಿಗೆ ಎಸೆಯಲು ಕೈ ಹಿಂಜರಿಯುತ್ತಿತ್ತು. ಈಗ ಹಣ್ಣನ್ನು ಎಸೆಯುವ ಮೊದಲು ಫೋಟೋ ತೆಗೆಯುತ್ತಾರೆ. ತೇರು ಹಣ್ಣನ್ನು ಮರೆಯುತ್ತದೆ, ಫೋಟೋ ಊರೂರು ಸುತ್ತುತ್ತದೆ.

ಚಿತ್ರ ಮಾಡಿದವನ ಉದ್ದೇಶವೇ ಬೇರೆ, ಹಂಚಿದವರ ಉದ್ದೇಶವೇ ಬೇರೆ ಆಗಬಹುದೆಂಬುದಕ್ಕೆ ಕನ್ನಡ ನಾಡಿನ ಅಂಚಿನಲ್ಲೇ ಒಂದು ಉದಾಹರಣೆ ಇದೆ. ಕಾಸರಗೋಡಿನ ಕುಂಬಳೆಯ ಕಲಾವಿದ ಕರಣ್ ಆಚಾರ್ಯ 2015ರಲ್ಲಿ ಊರಿನ ಗೆಳೆಯರು ಗಣೇಶನ ಹಬ್ಬದ ಬಾವುಟಕ್ಕಾಗಿ ಕೇಳಿದರೆಂದು ಹನುಮಂತನ ಮುಖವೊಂದನ್ನು ಕಂಪ್ಯೂಟರಿನಲ್ಲಿ ಬರೆದುಕೊಟ್ಟರು. ಕಪ್ಪು ಕೇಸರಿಯ ಆ ಮುಖ ಕೆಲವೇ ತಿಂಗಳಲ್ಲಿ ಕರ್ನಾಟಕದ ಕಾರು, ಬೈಕುಗಳ ಗಾಜಿನ ಮೇಲೆಲ್ಲ ಹರಡಿತು. ಜನ ಅದಕ್ಕೆ 'ಕೋಪದ ಹನುಮ' ಎಂದು ಹೆಸರಿಟ್ಟರು. ತಾನು ಬರೆದದ್ದು ಕೋಪವನ್ನಲ್ಲ, ಗತ್ತನ್ನು ಎಂದು ಕಲಾವಿದರು ಹೇಳಿದರು. 2018ರ ಮೇ ತಿಂಗಳಲ್ಲಿ ಮಂಗಳೂರಿನ ಚುನಾವಣಾ ಸಭೆಯಲ್ಲಿ ಪ್ರಧಾನಿ ಆ ಚಿತ್ರವನ್ನು ಹೊಗಳಿದರು. ಹಳ್ಳಿಯ ಹುಡುಗರ ಬಾವುಟವೊಂದು ಮೂರು ವರ್ಷಗಳಲ್ಲಿ ಚುನಾವಣೆಯ ಮಾತಾಯಿತು. ಅದನ್ನು ಭಕ್ತಿಯಿಂದ ಅಂಟಿಸಿಕೊಂಡವರಿದ್ದಾರೆ, ಚಂದ ಕಂಡಿತೆಂದು ಅಂಟಿಸಿಕೊಂಡವರಿದ್ದಾರೆ, ಎದುರಿನವನು ಹೆದರಲಿ ಎಂದು ಅಂಟಿಸಿಕೊಂಡವರೂ ಇದ್ದಾರೆ. ಚಿತ್ರ ಒಂದೇ. ಅದಕ್ಕೆ ಅರ್ಥ ಕೊಟ್ಟದ್ದು ಅಂಟಿಸಿದ ಕೈ. ಅಂದ ಮೇಲೆ "ಬಂದದ್ದನ್ನು ಕಳಿಸಿದೆ" ಎಂಬ ಉತ್ತರ ನಿಲ್ಲುವುದಿಲ್ಲ. ಕಳಿಸುವವನು ಅರ್ಥವನ್ನು ಸೇರಿಸಿಯೇ ಕಳಿಸುತ್ತಾನೆ.

ನಮ್ಮ ಜಿಲ್ಲೆಗೆ ಈ ಪಾಠ ಬಹಳ ಹತ್ತಿರ ಬಂದು ಹೋಗಿದೆ. 2024ರ ಜೂನ್ ತಿಂಗಳಲ್ಲಿ ಚಿತ್ರದುರ್ಗದ ಯುವಕನೊಬ್ಬನ ಶವ ಬೆಂಗಳೂರಿನ ಚರಂಡಿಯೊಂದರ ಬಳಿ ಸಿಕ್ಕಿತು. ನಟನೊಬ್ಬನ ಆಪ್ತ ಮಹಿಳೆಗೆ ಆತ ಇನ್‌ಸ್ಟಾಗ್ರಾಂನಲ್ಲಿ ಅಶ್ಲೀಲ ಸಂದೇಶ ಕಳಿಸಿದ್ದನೆಂದು, ಅದಕ್ಕಾಗಿ ಅವನನ್ನು ದುರ್ಗದಿಂದ ಕರೆದೊಯ್ದು ಹೊಡೆದು ಕೊಂದರೆಂದು ಪೊಲೀಸರ ಆರೋಪ. ನಟ ದರ್ಶನ್ ಮತ್ತು ಇತರರು ಆರೋಪಿಗಳು. ಆರೋಪಿಗಳಲ್ಲಿ ದುರ್ಗದ ಅಭಿಮಾನಿ ಸಂಘದವರೂ ಇದ್ದಾರೆ. ಯಾರು ತಪ್ಪಿತಸ್ಥರೆಂದು ಹೇಳಬೇಕಾದ್ದು ನ್ಯಾಯಾಲಯ, ನಾವಲ್ಲ. ನಮ್ಮ ಮಾತು ಆಮೇಲೆ ನಡೆದದ್ದರ ಬಗ್ಗೆ. ನಟನಿಗೆ ಜೈಲಿನಲ್ಲಿ ಕೊಟ್ಟ ಕೈದಿ ಸಂಖ್ಯೆ 6106 ಕೆಲವೇ ದಿನಗಳಲ್ಲಿ ಬೈಕಿನ ಸ್ಟಿಕರಾಯಿತು, ತೋಳಿನ ಹಚ್ಚೆಯಾಯಿತು. ಹಸುಗೂಸಿಗೆ ಕೈದಿಯ ಬಟ್ಟೆ ತೊಡಿಸಿ ಆ ಸಂಖ್ಯೆಯೊಂದಿಗೆ ಫೋಟೋ ತೆಗೆದು ಹಂಚಿದವರೂ ಇದ್ದರು. ಇನ್ನೊಂದು ಮನೆಯಲ್ಲಿ ಆಗ ಒಬ್ಬ ಗರ್ಭಿಣಿ ಹೆಂಡತಿ ಇದ್ದಳು, ವಯಸ್ಸಾದ ತಂದೆತಾಯಿ ಇದ್ದರು. ಸತ್ತವನು ಕಳಿಸಿದನೆನ್ನಲಾದ ಸಂದೇಶಗಳು ಹೇಸಿಗೆಯವೇ ಇರಬಹುದು. ಅದಕ್ಕೆ ಠಾಣೆ ಇತ್ತು, ಕಾನೂನು ಇತ್ತು. ಸ್ಟಿಕರು ಅಂಟಿಸಿದ ಹುಡುಗ ಯಾರನ್ನೂ ಕೊಂದಿಲ್ಲ, ನಿಜ. ಆದರೆ ಆ ಮನೆಯವರು ಬಸ್ಸಿನ ಕಿಟಕಿಯಿಂದ ಆ ಸಂಖ್ಯೆಯನ್ನು ನೋಡಬೇಕಾಯಿತಲ್ಲ, ಆ ನೋವಿನಲ್ಲಿ ಅವನ ಪಾಲಿದೆ.

ಅದೇ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆಡಿದ ಮಾತನ್ನು 2025ರ ಜುಲೈನಲ್ಲಿ ನಟಿ ರಮ್ಯಾ ತಮ್ಮ ಖಾತೆಯಲ್ಲಿ ಹಂಚಿಕೊಂಡು, ಸತ್ತವನ ಮನೆಯವರಿಗೆ ನ್ಯಾಯ ಸಿಗಲೆಂದು ಆಶಿಸಿದರು. ಅದಕ್ಕೆ ಬಂದ ಉತ್ತರಗಳು ಅತ್ಯಾಚಾರದ ಬೆದರಿಕೆಯವರೆಗೆ ಹೋದವು. ಅವರು ಪೊಲೀಸರಿಗೆ ದೂರು ಕೊಟ್ಟರು, ಹಲವು ಯುವಕರ ಬಂಧನವಾಯಿತು. ಇಲ್ಲೊಂದು ವಿಚಿತ್ರವನ್ನು ಗಮನಿಸಬೇಕು. ಹೆಣ್ಣೊಬ್ಬಳಿಗೆ ಅಶ್ಲೀಲ ಸಂದೇಶ ಕಳಿಸಿದವನಿಗೆ ಬದುಕುವ ಹಕ್ಕಿಲ್ಲ ಎಂದು ವಾದಿಸುತ್ತಿದ್ದವರ ಗುಂಪಿನಿಂದಲೇ ಇನ್ನೊಬ್ಬ ಹೆಣ್ಣಿಗೆ ಅಂಥವೇ ಸಂದೇಶಗಳು ಹೋದವು. ಬಿಗಿಯುವ ಹಗ್ಗ ಮೊದಲು ಕಟ್ಟಿಹಾಕುವುದು ಕಣ್ಣನ್ನು.

ಈ ಕುರುಡಿಗೆ ಅಭಿಮಾನಿಯೇ ಮೊದಲ ಬಲಿ ಎಂಬುದನ್ನೂ ಮರೆಯಬಾರದು. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಸೂರಣಗಿಯಲ್ಲಿ ಯಶ್ ಹುಟ್ಟುಹಬ್ಬಕ್ಕೆ ರಾತ್ರಿ ಕಟೌಟ್ ನಿಲ್ಲಿಸಲು ಹೋದ ಮೂವರು ಯುವಕರು ವಿದ್ಯುತ್ ತಗುಲಿ ಸತ್ತರು. ಆ ಮನೆಗಳಿಗೆ ಬಂದ ನಟ, ಅಭಿಮಾನವನ್ನು ಹೀಗೆ ತೋರಿಸಬೇಡಿ ಎಂದು ಕೈಮುಗಿಯಬೇಕಾಯಿತು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ, ಕ್ರಿಕೆಟ್ ತಂಡದ ವಿಜಯೋತ್ಸವದ ಸುದ್ದಿ ಫೋನಿನಿಂದ ಫೋನಿಗೆ ಹಬ್ಬಿ ಬಂದು ಸೇರಿದ ಜನಸಾಗರದಲ್ಲಿ 11 ಮಂದಿ ಸತ್ತರು.

ಇನ್ನು ನಮ್ಮವರ ಮಾತಿಗೆ ಬರೋಣ. ಬೇರೆಯವರ ಹಗ್ಗವನ್ನು ಎಣಿಸಿ ನಮ್ಮದನ್ನು ಮುಚ್ಚಿಟ್ಟರೆ ಈ ಲೇಖನ ಸುಳ್ಳಾಗುತ್ತದೆ. 2020ರ ಆಗಸ್ಟ್ 11ರ ರಾತ್ರಿ ಬೆಂಗಳೂರಿನ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಗಳಲ್ಲಿ ಏನಾಯಿತು? ಶಾಸಕರ ಸಂಬಂಧಿಯೊಬ್ಬ ಫೇಸ್‌ಬುಕ್‌ನಲ್ಲಿ ಪ್ರವಾದಿಯವರ ಬಗ್ಗೆ ಅವಹೇಳನ ಮಾಡಿದನೆಂಬ ಸುದ್ದಿ ಫೋನುಗಳಲ್ಲಿ ಹರಿಯಿತು. ಕೆಲವೇ ಗಂಟೆಗಳಲ್ಲಿ ಆ ಪೋಸ್ಟನ್ನು ಬರೆಯದೇ ಇದ್ದ ಶಾಸಕರ ಮನೆ ಸುಟ್ಟಿತು, ಪೊಲೀಸ್ ಠಾಣೆಯ ವಾಹನಗಳು ಸುಟ್ಟವು. ಗೋಲಿಬಾರಿನಲ್ಲಿ ನಮ್ಮ ಮೂವರು ಯುವಕರು ಸತ್ತರು. ಕಠಿಣ ಕಾನೂನಿನಡಿ ಸೆರೆಯಾದ ಎಷ್ಟೋ ಮಂದಿ ವರ್ಷಗಟ್ಟಲೆ ಜೈಲಿನಲ್ಲಿ ಕಳೆದರು. ಪ್ರವಾದಿಯವರ ಮೇಲಿನ ಪ್ರೀತಿಯನ್ನು ಸಿನಿಮಾ ಅಭಿಮಾನದ ಜೊತೆ ಇಡುವುದೇ ಎಂದು ಕೆಲವರಿಗೆ ಬೇಸರವಾಗಬಹುದು. ಪ್ರೀತಿಗಳು ಒಂದೇ ಅಲ್ಲ. ಆದರೆ ಆ ರಾತ್ರಿ ಬೆಂಕಿ ಹಚ್ಚಿದ ಕೈ ಯಾವ ಪ್ರೀತಿಯ ಹೆಸರು ಹೇಳಿತೋ ಆ ಪ್ರೀತಿಯ ಪಾಠವನ್ನೇ ಮರೆತಿತ್ತು. ತಾಯಿಫಿನಲ್ಲಿ ಕಲ್ಲೇಟು ತಿಂದು ರಕ್ತ ಹರಿಯುತ್ತಿದ್ದಾಗಲೂ ಆ ಊರಿಗೆ ಕೇಡು ಬಯಸದವರ ಕಥೆಯನ್ನು ನಾವು ಪ್ರತಿ ವರ್ಷ ಮೀಲಾದ್ ಸಭೆಗಳಲ್ಲಿ ಹೇಳುತ್ತೇವೆ.

ತನ್ನ ಜನರನ್ನು ಪ್ರೀತಿಸುವುದು ಪಕ್ಷಪಾತವೇ ಎಂದು ಅವರನ್ನು ಒಬ್ಬರು ಕೇಳಿದರೆಂದು ಹದೀಸಿನಲ್ಲಿ ಬರುತ್ತದೆ. ಅಲ್ಲ, ಅನ್ಯಾಯದಲ್ಲಿ ತನ್ನ ಜನರಿಗೆ ನೆರವಾಗುವುದೇ ಪಕ್ಷಪಾತ ಎಂಬುದು ಉತ್ತರದ ಸಾರ. ಇನ್ನೊಂದು ಸಂದರ್ಭದಲ್ಲಿ, ಸೋದರನು ಅನ್ಯಾಯಕ್ಕೊಳಗಾದವನಿರಲಿ, ಅನ್ಯಾಯ ಮಾಡುವವನಿರಲಿ, ಅವನಿಗೆ ನೆರವಾಗಿ ಎಂದಾಗ ಸಂಗಡಿಗರು ಅಚ್ಚರಿಪಟ್ಟು ಕೇಳಿದರು: ಅನ್ಯಾಯ ಮಾಡುವವನಿಗೆ ನೆರವಾಗುವುದು ಹೇಗೆ? ಅವನ ಕೈಯನ್ನು ತಡೆಯುವುದೇ ಅವನಿಗೆ ನೆರವು ಎಂಬ ಉತ್ತರ ಸಿಕ್ಕಿತು. ಅಭಿಮಾನಕ್ಕೆ ಇದಕ್ಕಿಂತ ಸರಳವಾದ ಅಳತೆಗೋಲು ನಮಗೆ ಗೊತ್ತಿಲ್ಲ. ನಾಯಕ ತಪ್ಪಿದಾಗ "ಅಣ್ಣಾ, ಇದು ಸರಿಯಲ್ಲ" ಎನ್ನಬಲ್ಲವನು ಅಭಿಮಾನಿ. "ಅಣ್ಣ ಏನು ಮಾಡಿದರೂ ಸರಿ" ಎನ್ನುವವನು ಅಣ್ಣನನ್ನು ಪ್ರೀತಿಸುತ್ತಿಲ್ಲ. ಅಣ್ಣನ ಹೆಸರಿನಲ್ಲಿ ತನ್ನನ್ನೇ ಪ್ರೀತಿಸಿಕೊಳ್ಳುತ್ತಿದ್ದಾನೆ.

ಈ ವಿವೇಕ ಒಂದು ಧರ್ಮದ ಸೊತ್ತೇನೂ ಅಲ್ಲ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಯ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಸಿಕ್ಕಿತು. ಅದರಲ್ಲಿ ಅವನ ಹನ್ನೆರಡನೆಯ ಬಂಡೆಶಾಸನವೂ ಇದೆ. ನಾಲಿಗೆಯ ಮೇಲೆ ಹಿಡಿತವಿರಲಿ, ತನ್ನ ಪಂಥದ ಮೇಲಿನ ಭಕ್ತಿಯಿಂದ ಅದನ್ನು ಮೆರೆಸಿ ಪರರದನ್ನು ಹಳಿಯುವವನು ಹೆಚ್ಚು ಕೇಡು ಮಾಡುವುದು ತನ್ನ ಪಂಥಕ್ಕೇ ಎಂಬುದು ಆ ಶಾಸನದ ತಿರುಳು. ಎರಡು ಸಾವಿರ ವರ್ಷಗಳಿಗೂ ಹಿಂದಿನ ಈ ಮಾತನ್ನು ಇಂದಿನ ಯಾವ ಅಭಿಮಾನಿ ಸಂಘದ ಗೋಡೆಗೂ ಬರೆಯಬಹುದು. ಮೊಳಕಾಲ್ಮುರು ತಾಲ್ಲೂಕಿನಲ್ಲಿಯೇ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ಅಶೋಕನ ಬೇರೆ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವನ್ನು ಬೆಳಕಿಗೆ ತಂದರು. ತಂದೆತಾಯಿಯ ಮಾತು ಕೇಳಬೇಕು, ಜೀವಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು ಎಂದು ಅವು ಹೇಳುತ್ತವೆ. ನಮ್ಮನ್ನು ಹಿಡಿದು ನಿಲ್ಲಿಸುವುದು ಬ್ರಹ್ಮಗಿರಿಯ ಶಾಸನದ ಕೊನೆ. ಅಲ್ಲಿ ಕಲ್ಲಿನ ಮೇಲೆ ಬರೆದ ಲಿಪಿಕಾರ ಚಪಡ ಎಂಬವನು ತನ್ನ ಹೆಸರನ್ನು ಹಾಕಿದ್ದಾನೆ. ಮಾತು ರಾಜನದು. ಚಪಡ ಅದನ್ನು ಮುಂದೆ ದಾಟಿಸಿದವನು ಮಾತ್ರ. ಆದರೂ "ಇದನ್ನು ಬರೆದವನು ನಾನು" ಎಂದು ಒಪ್ಪಿಕೊಂಡ. ದಾಟಿಸಿದವನಿಗೂ ಹೊಣೆ ಉಂಟೆಂಬುದಕ್ಕೆ ನಮ್ಮ ಸೀಮೆಯಲ್ಲಿ ಇದಕ್ಕಿಂತ ಹಳೆಯ ಸಾಕ್ಷಿ ಬೇಕೇ?

ಇಷ್ಟು ಓದಿದ ಮೇಲೆ ಒಬ್ಬರು ಕೇಳಬಹುದು: ಹಾಗಿದ್ದರೆ ಸುಮ್ಮನಿರುವುದೇ ಒಳ್ಳೆಯದಲ್ಲವೇ? ನಮ್ಮ ಮನೆಗಳಲ್ಲಿ ತಾಯಂದಿರು ಮಕ್ಕಳಿಗೆ ದಿನವೂ ಹೇಳುವುದು ಇದನ್ನೇ. "ಬೇಟಾ, ಸ್ಟೇಟಸ್ ಗೀಟಸ್ ಕುಛ್ ನಕ್ಕೋ ಡಾಲ್." ಏನೂ ಹಾಕಬೇಡ ಮಗಾ ಎಂಬ ಆ ಮಾತಿನ ಹಿಂದಿರುವುದು ನೀತಿಯಲ್ಲ, ಭಯ. ಆ ಭಯಕ್ಕೆ ಕಾರಣವೂ ಇದೆ. 2012ರ ನವೆಂಬರಿನಲ್ಲಿ ಬಾಳ ಠಾಕ್ರೆಯವರ ಅಂತ್ಯಕ್ರಿಯೆಯ ದಿನದ ಬಂದ್ ಬಗ್ಗೆ ಮಹಾರಾಷ್ಟ್ರದ ಪಾಲ್ಘರಿನ ಯುವತಿಯೊಬ್ಬಳು ಫೇಸ್‌ಬುಕ್‌ನಲ್ಲಿ ನಾಲ್ಕು ಸಾಲು ಬರೆದಳು. ಅವಳ ಗೆಳತಿ ಅದನ್ನು ಮೆಚ್ಚಿ ಗುಂಡಿ ಒತ್ತಿದಳು. ಇಬ್ಬರನ್ನೂ ಬಂಧಿಸಿದರು. ಬರೆದವಳು ನಮ್ಮ ಹುಡುಗಿ, ಮೆಚ್ಚಿದವಳು ಹಿಂದೂ ಹುಡುಗಿ. ಅಂಥ ಬಂಧನಗಳಿಗೆ ಬಳಕೆಯಾಗುತ್ತಿದ್ದ ಐಟಿ ಕಾಯ್ದೆಯ 66ಎ ಕಲಮನ್ನು 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ರದ್ದುಗೊಳಿಸಿತು. ಕಲಮು ಹೋಯಿತು, ಭಯ ಹೋಗಲಿಲ್ಲ.

ಆದ್ದರಿಂದ ನಮ್ಮ ಓಣಿಗಳ ಸ್ಟೇಟಸ್‌ಗಳಲ್ಲಿ ಒಂದು ವಿಶೇಷ ಕಾಣುತ್ತದೆ. ಅಲ್ಲಿ ಪುನೀತ್ ಇದ್ದಾರೆ, ಕ್ರಿಕೆಟ್ ಇದೆ, ತೆಲುಗು ಸಿನಿಮಾ ಇದೆ. 2022ರಲ್ಲಿ ತಂಗಿಯ ಕಾಲೇಜಿನ ಬಾಗಿಲಲ್ಲಿ ಹಿಜಾಬಿನ ಗದ್ದಲವಾದಾಗ ಅಣ್ಣನ ಸ್ಟೇಟಸ್‌ನಲ್ಲಿ ನಾಯಕನಟನ ಹಾಡು ಓಡುತ್ತಿತ್ತು. ಅವನಿಗೆ ಅಭಿಪ್ರಾಯ ಇರಲಿಲ್ಲವೆಂದಲ್ಲ. ಒಂದೇ ತೂಕದ ಮಾತಿಗೆ ಒಬ್ಬನಿಗೆ ಒಂದು ಬೆಲೆ, ಇನ್ನೊಬ್ಬನಿಗೆ ಇನ್ನೊಂದು ಬೆಲೆ ಎಂದು ಅವನಿಗೆ ಗೊತ್ತಿತ್ತು. ಗೆಳೆಯನು ಹಾಕಿದರೆ ತಮಾಷೆಯಾಗುವುದು ತಾನು ಹಾಕಿದರೆ ಠಾಣೆಗೆ ಹೋಗಬಹುದೆಂದು ಗೊತ್ತಿತ್ತು. ಅಭಿಮಾನ ಅವನಿಗೆ ಮನರಂಜನೆಯ ಜೊತೆಗೆ ಒಂದು ಮರೆಯೂ ಹೌದು. ಹೊಣೆಯ ಪಾಠ ಹೇಳುವವರು ಇದನ್ನೂ ಕಾಣಬೇಕು. ಮಾತಿನ ಹೊಣೆ ಎಲ್ಲರಿಗೂ ಸಮನಾಗಬೇಕಾದರೆ ಮಾತಿನ ಬೆಲೆಯೂ ಸಮನಾಗಬೇಕು. ದ್ವೇಷ ಹಂಚಿದವನು ಹಾರ ಹಾಕಿಸಿಕೊಂಡು ತಿರುಗುತ್ತಿದ್ದು, ನೋವು ಹೇಳಿಕೊಂಡವನು ವಕೀಲರ ಫೀಜಿಗೆ ಒಡವೆ ಅಡವಿಡುವಂತಾದರೆ ನಾವು ಯಾವ ಮುಖದಿಂದ ಮಕ್ಕಳಿಗೆ ನೀತಿ ಹೇಳುವುದು?

ಆದರೂ ಮೌನವನ್ನು ನಾವು ಮಕ್ಕಳಿಗೆ ಆಸ್ತಿಯಾಗಿ ಬಿಟ್ಟುಹೋಗಬಾರದು. ಮಾತಾಡದವನು ಹೊಣೆಯನ್ನೂ ಕಲಿಯುವುದಿಲ್ಲ. ತನ್ನ ಅಭಿಪ್ರಾಯವನ್ನು ತನ್ನ ಹೆಸರಿನಲ್ಲಿ, ತನ್ನ ಭಾಷೆಯಲ್ಲಿ, ಎದುರಿನವನ ಮುಖಕ್ಕೆ ಹೇಳಬಹುದಾದಷ್ಟು ಮರ್ಯಾದೆಯಿಂದ ಬರೆಯುವುದನ್ನು ನಾವು ಅವರಿಗೆ ಕಲಿಸಬೇಕು. ಬಂದ ಸುದ್ದಿಯನ್ನು ವಿಚಾರಿಸದೆ ನಂಬಬೇಡಿ, ಅರಿಯದೆ ಒಂದು ಜನಕ್ಕೆ ಹಾನಿ ಮಾಡಿ ಆಮೇಲೆ ಪಶ್ಚಾತ್ತಾಪ ಪಡಬೇಡಿ ಎಂಬ ಎಚ್ಚರಿಕೆಯನ್ನು ಕುರ್‌ಆನಿನ ಹುಜುರಾತ್ ಅಧ್ಯಾಯ ಕೊಡುತ್ತದೆ. ಜುಮಾದ ಪ್ರವಚನಗಳಲ್ಲಿ ಇದನ್ನು ಫೋನಿನ ಹೆಸರು ಹಿಡಿದೇ ಹೇಳುವ ಕಾಲ ಬಂದಿದೆ. ಶಾಲೆಯ ಮೇಷ್ಟರು, ಅಭಿಮಾನಿ ಸಂಘದ ಅಧ್ಯಕ್ಷರು, ಪಕ್ಷದ ಕಾರ್ಯಕರ್ತರು ತಮ್ಮ ತಮ್ಮ ಹುಡುಗರಿಗೆ ಇದನ್ನು ಹೇಳಬಹುದು. ಗುಂಪಿನಲ್ಲಿ ತಪ್ಪು ಹಾಕಿದ ಗೆಳೆಯನಿಗೆ ಗುಂಪಿನಲ್ಲೇ ಉಗಿಯದೆ, ಚಹಾ ಅಂಗಡಿಗೆ ಕರೆದು ಕೈ ಹಿಡಿದು ಹೇಳಿದರೆ ಅವನು ಅಳಿಸುತ್ತಾನೆ. ಮೊಳಕಾಲ್ಮುರಿನ ನೇಕಾರನಿಗೆ ಗೊತ್ತು: ತಪ್ಪಿದ ಎಳೆಯನ್ನು ಆಗಲೇ ಬಿಚ್ಚಿದರೆ ಒಂದೇ ಎಳೆ, ನೇಯ್ದುಕೊಂಡು ಮುಂದೆ ಹೋದರೆ ಸೀರೆಯೇ ಕೆಟ್ಟಿತು.

ಅಭಿಮಾನ ಎತ್ತರಕ್ಕೆ ಹೋಗಬಲ್ಲದು ಎಂಬುದಕ್ಕೂ ನಾವು ದೂರ ಹೋಗಬೇಕಿಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜಕುಮಾರ್ ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. ನಾಲ್ವರಿಗೆ ಬೆಳಕು ಬಂತು. ಆ ಸುದ್ದಿಯೂ ಫೋನಿನಿಂದ ಫೋನಿಗೆ ಹೋಯಿತು. ಮುಂದಿನ ದಿನಗಳಲ್ಲಿ ಕರ್ನಾಟಕದ ಊರೂರುಗಳಲ್ಲಿ ಜನ ಕಣ್ಣು ದಾನಕ್ಕೆ ಸಾಲು ನಿಂತು ಹೆಸರು ಬರೆಸಿದರು. ಯಾರೂ ಅವರನ್ನು ಹೆದರಿಸಿರಲಿಲ್ಲ, ಯಾರ ಮೇಲೂ ಗೆಲ್ಲಬೇಕಿರಲಿಲ್ಲ. ಪ್ರೀತಿಸಿದವನು ಮಾಡಿದ ಒಳ್ಳೆಯ ಕೆಲಸವನ್ನು ತಾನೂ ಮಾಡಬೇಕೆನ್ನಿಸಿತು, ಅಷ್ಟೇ. ಕಣ್ಣು ಕಟ್ಟುವ ಅಭಿಮಾನವನ್ನೂ ಕಣ್ಣು ಕೊಡುವ ಅಭಿಮಾನವನ್ನೂ ನಮ್ಮ ನಾಡು ಕೆಲವೇ ವರ್ಷಗಳ ಅಂತರದಲ್ಲಿ ಕಂಡಿದೆ. ಎರಡೂ ಹರಿದದ್ದು ಅದೇ ಫೋನಿನಲ್ಲಿ, ಒತ್ತಿದ್ದು ಅದೇ ಬೆರಳು. ಯಾವುದನ್ನು ಮುಂದಕ್ಕೆ ಕಳಿಸಬೇಕೆಂಬುದನ್ನು ಮಾತ್ರ ಫೋನು ತೀರ್ಮಾನಿಸುವುದಿಲ್ಲ.